ಕೆನ್ನೆ ಅಲ್ಲಾಡಿಸಿದ ಡಾಕ್ಟರು

ಮೂರನೇ ಜ್ವರದಿಂದ ಎದ್ದ ರೇಷ್ಮೆ ಹುಳುಗಳಿಗೆ ಸೊಪ್ಪು ಹರಡುತ್ತಿದ್ದೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ಆ ಹೊತ್ತಿನಲ್ಲಿ ಹುಳುವನ್ನು ಮುಟ್ಟಬಾರದು, ಸೊಪ್ಪನ್ನೂ ಹಾಕಬಾರದು. ಎಲ್ಲವೂ ಏಳುವವರೆಗೆ ಸುಮ್ಮನೆ ಕಾಯಬೇಕು. ಅರ್ಧ ತಟ್ಟೆ ಮುಗಿಸಿದ್ದೆ, ಮೊಮ್ಮಗಳು ಭಾನುಪ್ರಿಯ ಬಂದು ಬಾಗಿಲಲ್ಲಿ ನಿಂತಳು. ಏಳು ವರ್ಷದವಳು. ಎಡಗೆನ್ನೆ ಅಂಗೈಯಲ್ಲಿತ್ತು.

“ಅಜ್ಜಿ, ನಾಳೆ ಕನಕಪುರದಾಗೆ ಸೂಜಿ ಚುಚ್ತಾರಾ?”

ಸೊಪ್ಪು ಕೈಯಲ್ಲೇ ಉಳಿಯಿತು.

“ಚುಚ್ತಾರೆ ಕಣವ್ವ.”

“ಓದ್ಸಲ ಇಲ್ಲ ಅಂದಿದ್ದೆ.”

“ಅಂದಿದ್ದೆ. ಸುಳ್ಳು ಹೇಳ್ಬುಟ್ಟಿದ್ದೆ.”

ಓದ್ಸಲ ಅಂದರೆ ಎಂಟು ತಿಂಗಳ ಹಿಂದೆ, ಅವಳ ಹುಳುಕು ಹಲ್ಲು ತೋರಿಸಲು ಚನ್ನಪಟ್ಟಣಕ್ಕೆ ಹೋಗಿದ್ದಾಗ. ಅಲ್ಲಿನ ಹಲ್ಲಿನ ಡಾಕ್ಟರು ಚನ್ನಲಿಂಗಪ್ಪನವರು ಮೊದಲೇ ನನ್ನನ್ನು ಕರೆದು, “ಅಮ್ಮ, ಸೂಜಿ ವಿಷಯ ನಾನೇ ಮಗೂಗೆ ಹೇಳ್ತೀನಿ, ನೀವೇನೂ ಹೇಳ್ಬೇಡಿ” ಅಂದಿದ್ದರು. ನನಗೆ ಬಾಯಿ ನಿಲ್ಲಲಿಲ್ಲ. ಮಗು ಅಳುತ್ತಿದ್ದಳಲ್ಲ ಅಂತ, “ಸೂಜಿ ಗೀಜಿ ಇಲ್ಲ ಮಗಾ, ಇರುವೆ ಕಚ್ಚಿದಂಗೆ ಅಷ್ಟೆ” ಅಂದುಬಿಟ್ಟೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಎಲ್ಲ ನೋವನ್ನೂ ಇರುವೆಯ ತಲೆಗೆ ಕಟ್ಟುವುದು ವಾಡಿಕೆ. ಭಾನು ಸೂಜಿ ಕಂಡವಳೇ ಅವರ ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿ, ಕುರ್ಚಿಯಿಂದ ಇಳಿದು ಓಡಿದಳು. ನಾನು ಹೊರಗಿದ್ದವರೆಲ್ಲ ಕೇಳುವ ಹಾಗೆ, “ಮಗೂನ ಹೆದರಿಸ್ಬುಟ್ರಿ” ಎಂದು ಅವರನ್ನೇ ಬೈದು ಬಂದೆ. ಮಾರನೆಯ ದಿನ ನಾಚಿಕೆಯಾಗಿ ಅವರಿಗೆ ಒಂದು ಕಾಗದ ಬರೆದೆ. ಅದು ಕ್ಯಾಲೆಂಡರಿನ ಹಿಂದೆಯೇ ಉಳಿಯಿತು.

ಈಗ ಆ ಹಲ್ಲು ಬುಡದವರೆಗೆ ಹುಳುಕಾಗಿತ್ತು. ಕನಕಪುರದ ಡಾಕ್ಟರ್ ಅಸ್ರಾ ಹೋದ ವಾರ ನೋಡಿ, “ಮಗು ಕೂತ್ರೆ ಹತ್ತು ನಿಮಿಷದ ಕೆಲಸ. ಕೂರದಿದ್ರೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿ, ಪೂರ್ತಿ ಮಂಪರು ಕೊಟ್ಟು ಕೀಳ್ಬೇಕಾಗುತ್ತೆ” ಅಂದಿದ್ದಳು. ನನ್ನದೂ ಒಂದು ದವಡೆ ಹಲ್ಲು ಕೀಳಬೇಕು ಅಂತ ಅದೇ ದಿನ ಹೇಳಿದ್ದಳು.

“ಎಷ್ಟು ನೋಯ್ತದೆ?” ಭಾನು ಬಿಡಲಿಲ್ಲ.

“ನಂಗೂ ಗೊತ್ತಿಲ್ಲ. ಮೊದ್ಲು ನಾನು ಚುಚ್ಚಿಸ್ಕೊತೀನಿ, ನೀನು ನೋಡು. ಎಷ್ಟು ನೋಯ್ತೋ ಅಷ್ಟೇ ಹೇಳ್ತೀನಿ.”

“ನೀನು ಅತ್ತರೆ?”

“ಅತ್ತರೆ ಅತ್ತೆ. ನೋಡೋಕೆ ನೀನು ಇರ್ತೀಯಲ್ಲ.”

ಮರುದಿನ ಬೆಳಿಗ್ಗೆ ಕನಕಪುರದಲ್ಲಿ ನಾನು ಕುರ್ಚಿ ಹತ್ತಿದೆ. ಭಾನು ಸ್ಟೂಲಿನ ಮೇಲೆ ನಿಂತು ನನ್ನ ಬಾಯೊಳಗೇ ಕಣ್ಣು ನೆಟ್ಟಳು. ಅಸ್ರಾ ಒಸಡನ್ನು ಹತ್ತಿಯಲ್ಲಿ ಒರೆಸಿ, ಬಾಳೆಹಣ್ಣಿನ ವಾಸನೆಯ ಮುಲಾಮು ಹಚ್ಚಿ, ಕೈಕಟ್ಟಿ ನಿಂತುಬಿಟ್ಟಳು.

“ಯಾಕವ್ವ ನಿಂತೆ?”

“ಮುಲಾಮು ಕೆಲಸ ಮಾಡೋವರೆಗೆ ಚುಚ್ಚಬಾರದು ಅಜ್ಜಿ.”

ಹುಳು ಏಳುವವರೆಗೆ ಕಾಯುವ ಕೆಲಸ ಇಲ್ಲಿಯೂ ಇದೆ ಅನ್ನಿಸಿತು. ಆಮೇಲೆ ಅವಳು ನನ್ನ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ಗಡಗಡ ಅಲ್ಲಾಡಿಸಿದಳು. ಅಲ್ಲಾಡಿಸುತ್ತಲೇ ಇನ್ನೊಂದು ಕೈಯಲ್ಲಿ ಸೂಜಿ ಚುಚ್ಚಿ ಔಷಧಿಯನ್ನು ನಿಧಾನ, ಬಹಳ ನಿಧಾನ ಬಿಟ್ಟಳು. ಸೂಜಿ ಹೊರಗೆ ಬಂದದ್ದೇ, “ಕೆನ್ನೆ ಯಾಕೆ ಕುಲುಕಿದೆ?” ಎಂದು ಕೇಳಿದೆ.

“ತಲೆಗೆ ಸುದ್ದಿ ಹೋಗೋ ಬಾಗಿಲು ಒಂದೇ ಅಂತ ಇಟ್ಕೊಳಿ. ಕುಲುಕಿದ ಸುದ್ದಿ ಮೊದಲೇ ನುಗ್ಗಿ ತುಂಬ್ಕೊಂಡ್ರೆ ನೋವಿಗೆ ಜಾಗ ಕಮ್ಮಿ.”

“ನಮ್ಮ ಸಾತನೂರು ಬಸ್ಸಿನಂಗೆ ಅನ್ನು. ಆದ್ರೂ ಒಂದಿಬ್ರು ಫುಟ್‌ಬೋರ್ಡಲ್ಲಿ ನೇತಾಡ್ಕೊಂಡಾದ್ರೂ ಬತ್ತಾರಲ್ಲ?”

ಅಸ್ರಾ ನಕ್ಕಳು. “ಬರ್ತಾರೆ ಅಜ್ಜಿ. ನೋವೇ ಇರಲ್ಲ ಅಂತ ನಾನು ಯಾರಿಗೂ ಹೇಳಲ್ಲ.”

ಹಲ್ಲು ಕಿತ್ತ ಮೇಲೆ ನಾನು ಕುರ್ಚಿ ಇಳಿಯುವುದಕ್ಕೂ ಭಾನು ಬಿಡಲಿಲ್ಲ. “ಇರುವೇನಾ?”

“ಇರುವೆ ಅಲ್ಲ. ಹಿಪ್ಪುನೇರಳೆ ಕಡ್ಡಿ ಮೊಳಕೈ ತರಚ್ತದಲ್ಲ, ಅಷ್ಟು. ಹತ್ತು ಎಣಿಸೋದ್ರೊಳಗೆ ಹೋಯ್ತು.”

ಅವಳು ತನ್ನ ಮೊಳಕೈಯ ಹಳೆಯ ತರಚು ಗಾಯವನ್ನು ಸವರಿ ನೋಡಿಕೊಂಡಳು. ಆಮೇಲೆ ತಾನೇ ಕುರ್ಚಿ ಹತ್ತಿದಳು.

“ಕೈ ಎತ್ತಿದ್ರೆ ನಾನು ನಿಲ್ಲಿಸ್ತೀನಿ,” ಅಸ್ರಾ ಹೇಳಿದಳು.

ಮುಲಾಮು ಹಚ್ಚಿ ಕಾದದ್ದಾಯಿತು. ಸೂಜಿ ಹತ್ತಿರ ಬಂದಿರಲೂ ಇಲ್ಲ, ಕೈ ಎದ್ದಿತು. ಅಸ್ರಾ ನಿಂತಳು. ಮತ್ತೆ ಶುರು ಮಾಡಿದಳು, ಮತ್ತೆ ಕೈ ಎದ್ದಿತು, ಮತ್ತೆ ನಿಂತಳು. ಹುಡುಗಿ ಡಾಕ್ಟರ ಮಾತನ್ನು ಒರೆಗೆ ಹಚ್ಚುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಸುಳ್ಳು ಕೇಳಿದ ಮಗು, ಇನ್ನೇನು ಮಾಡೀತು. ನಾನು ತುಟಿ ಬಿಗಿದು ಕೂತೆ. ಮೂರನೇ ಸಲ ಕೆನ್ನೆ ಗಡಗಡ ಅಲ್ಲಾಡಿತು. ಭಾನುವಿನ ಕೈ ತೊಡೆಯ ಮೇಲೆ ಮುಷ್ಟಿ ಕಟ್ಟಿತು, ಬೆರಳು ಒಂದೊಂದೇ ಬಿಚ್ಚಿಕೊಂಡವು. ಎಣಿಸುತ್ತಿದ್ದಳು. ಕೈ ಏಳಲಿಲ್ಲ. ಕಣ್ಣಂಚಿನಲ್ಲಿ ಒಂದು ಹನಿ ಬಂತು, ಅಷ್ಟೆ. ಹಲ್ಲು ಕಿತ್ತು ಬಂದದ್ದು ಅವಳಿಗೆ ತಿಳಿಯಲೇ ಇಲ್ಲ.

ಬಸ್ಸಿನಲ್ಲಿ ಇಬ್ಬರ ತುಟಿಯೂ ಮರಗಟ್ಟಿ ಮಾತು ತೊದಲುತ್ತಿತ್ತು. ಭಾನು ತನ್ನ ಕೆನ್ನೆಯನ್ನು ಒತ್ತಿ ಒತ್ತಿ, “ಇದು ಯಾರ್ದೋ ಕೆನ್ನೆ” ಅಂದಳು. ಕಬ್ಬಾಳಿನ ಬೆಟ್ಟ ಕಾಣುವ ಹೊತ್ತಿಗೆ ಕೇಳಿದಳು:

“ಅಜ್ಜಿ, ಆ ಡಾಕ್ಟ್ರು ಬೆರಳು ವಾಸಿಯಾಯ್ತಾ?”

ಎಂಟು ತಿಂಗಳಲ್ಲಿ ನಾನು ವಿಚಾರಿಸಿಯೇ ಇರಲಿಲ್ಲ.

ಮನೆಗೆ ಬಂದು ಕ್ಯಾಲೆಂಡರಿನ ಹಿಂದಿನ ಕಾಗದ ತೆಗೆದೆ. ‘ಮಗು ಹೆದರಿ ಕಚ್ಚಿಬಿಟ್ಟಳು, ಕ್ಷಮಿಸಿ’ ಅಂತಿತ್ತು. ತಪ್ಪನ್ನೆಲ್ಲ ಮಗುವಿನ ಮೇಲೆ ಹಾಕಿ ಬರೆದಿದ್ದೆ, ಅದಕ್ಕೇ ಅದನ್ನು ಕಳಿಸುವ ಮನಸ್ಸು ಬಂದಿರಲಿಲ್ಲವೋ ಏನೋ. ಆ ಸಾಲು ಹೊಡೆದು ಹಾಕಿದೆ. ‘ನೀವು ಬೇಡ ಅಂದರೂ ಸುಳ್ಳು ಹೇಳಿದವಳು ನಾನು. ಎಲ್ಲರ ಮುಂದೆ ನಿಮ್ಮನ್ನು ಬೈದವಳೂ ನಾನೇ’ ಅಂತ ಬರೆದೆ. ಅದರ ಕೆಳಗೆ ಇನ್ನೊಂದು ಸಾಲು: ‘ಸೂಜಿ ಚುಚ್ಚುವಾಗ ನೀವೂ ಕೆನ್ನೆ ಅಲ್ಲಾಡಿಸುತ್ತೀರಾ, ಬಿಡುವಾದಾಗ ತಿಳಿಸಿ.’ ಭಾನು ಪೆನ್ನು ಕಿತ್ತುಕೊಂಡು, ‘ಬೆರಳು ವಾಸಿ ಆಯ್ತಾ?’ ಅಂತ ದಪ್ಪ ಅಕ್ಷರದಲ್ಲಿ ಸೇರಿಸಿದಳು.

ಹುಳುಗಳಿಗೆ ಸಂಜೆಯ ಸೊಪ್ಪು ಹಾಕುವ ಮೊದಲು ಇಬ್ಬರೂ ಪೋಸ್ಟ್ ಡಬ್ಬದ ತನಕ ನಡೆದೆವು. ಅವಳಿಗೆ ಡಬ್ಬದ ಬಾಯಿ ಎಟುಕಲಿಲ್ಲ. ಎತ್ತಿ ಹಿಡಿದೆ. ಕಾಗದ ಒಳಗೆ ಬಿದ್ದ ಸದ್ದು ಕೇಳುವ ತನಕ ಇಳಿಸಬೇಡ ಅಂದಳು.