‘ಆಗಲ್ಲ ಸಾರ್’ ಎನ್ನುವ ಗುಂಡಿ

ಪರದೆಯ ಮೇಲಿನ ಕಂಬ ತೀರಾ ನೆಟ್ಟಗಿದೆ, ಮೂವತ್ತೊಂದು ವರ್ಷದ ನೌಕರಿಯಲ್ಲಿ ಜೋಗಾರಾವ್ ಇಷ್ಟು ನೆಟ್ಟಗಿನ ಕಂಬ ಕಂಡಿರಲಿಲ್ಲ, ವಿಶಾಖಪಟ್ಟಣದ ಕಂಬಗಳೆಲ್ಲ ಕಡಲ ಗಾಳಿಗೆ ಒಂದಿಷ್ಟು ವಾಲಿಯೇ ಇರುತ್ತವೆ, ಹೇಳಲೇ, ಬೇಡ, ಚಿತ್ರ ಬರೆದ ಹುಡುಗಿ ಹಾರಿಕ ಪಕ್ಕದಲ್ಲೇ ಕೂತಿದ್ದಾಳೆ, ಲೈನ್‌ಮನ್‌ಗಳ ಆನ್‌ಲೈನ್ ತರಬೇತಿಗೆ ಆಟದಂಥ ಚಟುವಟಿಕೆಗಳನ್ನು ಸೇರಿಸುವುದು ಅವಳ ಕೆಲಸ, ತಪ್ಪು ತಿದ್ದುವುದು ನಿವೃತ್ತ ಇಂಜಿನಿಯರ್ ಆದ ಇವರ ಕೆಲಸ — ನೋಡಿ ಸಾರ್, ಮೊದಲು ಸ್ವಿಚ್ ಇಳಿಸ್ಬೇಕು, ಬೀಗ ಹಾಕ್ಬೇಕು, ಎಲ್ಲಿಂದಾದ್ರೂ ಕರೆಂಟ್ ಬಂದ್ರೆ ನೆಲಕ್ಕಿಳಿಯೋ ಹಾಗೆ ತಂತಿಗೆ ಅರ್ಥಿಂಗ್ ಕೊಡ್ಬೇಕು, ಆಮೇಲೇ ಹತ್ತೋದು, ಬೆರಳಲ್ಲಿ ಎಳೆದು ಸಾಲಾಗಿಟ್ರೆ ಮುಗೀತು, ಇಲ್ಲಿ ಯಾರೂ ತಪ್ಪು ಮಾಡಲ್ಲ, ಕಂಬದ ಮೇಲೆ ಯಾಕ್ ಸಾರ್ ಮಾಡ್ತಾರೆ? ಹೋದ ವಾರ ಅವಳು ಹೀಗೆ ಕೇಳಿದಾಗ, ಸಾಹೇಬರ ಫೋನ್ ಬರುತ್ತಮ್ಮಾ, ಅಂದುಬಿಟ್ಟಿದ್ದರು, ಬಾಯಿ ತಪ್ಪಿ. ಹುಡುಗಿ ಚುರುಕು, ಅದನ್ನೇ ಹಿಡಿದಳು, ಈಗ ಅರ್ಥಿಂಗ್ ಕೊಡುವ ಹೊತ್ತಿಗೆ ಸರಿಯಾಗಿ ಪರದೆಯಲ್ಲಿ ಫೋನ್ ಹೊಡೆದುಕೊಳ್ಳುತ್ತದೆ, ಸಾಹೇಬರು ಅವಸರ ಮಾಡುತ್ತಾರೆ, ಕೆಳಗೆ ಎರಡು ಗುಂಡಿ, ಸರಿ ಸಾರ್, ಆಗಲ್ಲ ಸಾರ್. ಸಾಹೇಬರ ದನಿ ನೀವೇ ಕೊಡಿ ಸಾರ್, ಗತ್ತಿದೆ, ಮೈಕು ಮುಂದಕ್ಕೆ ಸರಿಯುತ್ತದೆ, ಏನು ಹೇಳಲಮ್ಮಾ, ಆಗ ಹೇಗೆ ಹೇಳ್ತಿದ್ರೋ ಹಾಗೇ ಸಾರ್ — ಹೇಗೆ ಹೇಳುತ್ತಿದ್ದರು, ತುಫಾನಿನ ಮರುದಿನ, ಅರ್ಧ ಊರಿಗೆ ಕರೆಂಟಿಲ್ಲ, ಮೇಲಿನವರ ಬೈಗುಳ, ಎದುರಿಗೆ ಬಿಸಿ ಪೆಸರಟ್ಟು, ಶುಂಠಿ ಚಟ್ನಿ, ಫೋನು ಕಿವಿಗೂ ಭುಜಕ್ಕೂ ನಡುವೆ, ಆ ತುದಿಯಲ್ಲಿ ಕಂಬದ ಬುಡದಲ್ಲಿ ನಿಂತ ಲೈನ್‌ಮನ್, ಏನಯ್ಯಾ ಸಿಂಹಾಚಲಂ, ಎರಡು ನಿಮಿಷದ ಕೆಲ್ಸ, ಅರ್ಥಿಂಗ್ ಗಿರ್ಥಿಂಗ್ ಬೇಡ, ಹತ್ತು, ನಾನಿದೀನಲ್ಲ. ಸರಿ ಬಾಬು, ಅಂದ. ಯಾರದೋ ಮನೆಯ ಜನರೇಟರಿನಿಂದ ತಂತಿಗೆ ಕರೆಂಟು ವಾಪಸ್ಸು ಹರಿದಿತ್ತು. ಲೈನ್‌ಮನ್ನನ ಅಜಾಗರೂಕತೆ ಎಂದು ಮೇಲಿನವರು ವರದಿ ಬರೆದರು, ಇವರೂ ಸಹಿ ಹಾಕಿದರು, ಸಹಿ ಎಂದಿನಂತೆ ದುಂಡಗೇ ಬಂತು. ಶುರು ಮಾಡಿ ಸಾರ್. ಮೈಕಿಗೆ ಹೇಳಿದರು, ಅದೇ ಮಾತು, ಒಂದಕ್ಷರ ಬಿಡದೆ. ಅಬ್ಬಾ, ಥೇಟ್ ನಿಜದ ಥರಾನೇ ಇದೆ, ಆದ್ರೆ ಯಾರದೋ ಹೆಸ್ರು ಬಂತಲ್ಲ ಸಾರ್, ಸಿಂಹಾಚಲಂ ಅಂತ, ತೆಗೀಲಾ? ತೆಗೀಬೇಡಮ್ಮಾ. ಅವನಿಗೆ ಹಾಗೆ ಹೇಳಿದ್ದು ನಾನೇ. ಅವನು ಇಳಿದು ಬರ್ಲಿಲ್ಲ. ಹನ್ನೊಂದು ವರ್ಷ ಯಾರಿಗೂ ಹೇಳದ್ದು ಇಷ್ಟು ಸಲೀಸಾಗಿ ಹೊರಬಿತ್ತಲ್ಲ, ಹಾರಿಕ ಹೆಸರು ತೆಗೆಯದೆ ದನಿಯನ್ನು ಹಾಗೇ ಉಳಿಸುತ್ತಾಳೆ, ಮತ್ತೆ ಅದೇ ಕಣ್ಣ ಮುಂದೆ ಬರುತ್ತದೆ, ದಿನಾ ಬರುವುದೇ, ಹಲ್ಲುಜ್ಜುವಾಗ, ಬಸ್ಸಿನಲ್ಲಿ — ಜೀಪಿನಿಂದ ಇಳಿದಾಗ ಕಂಬದ ಬುಡದ ಕೆಸರಲ್ಲಿ ಅವನ ಚಪ್ಪಲಿ, ಜೋಡಿಸಿಟ್ಟದ್ದು, ಇಳಿದ ಕೂಡಲೇ ಮೆಟ್ಟಿ ನಡೆಯಲು ಅನುಕೂಲವಾಗಲೆಂದು ರಸ್ತೆಯ ಕಡೆಗೆ ತಿರುಗಿಸಿಟ್ಟದ್ದು, ಚಪ್ಪಲಿ, ರಸ್ತೆಯ ಕಡೆಗೆ, ಆ ಚಪ್ಪಲಿ