ಬೆರಳಿಗೆ ಮಣಿಯದ ಗಾಜು

ತುರಿಯಾಳ ಮನೆಯ ಮೇಜಿನ ಮೇಲೆ ಕೆಂಝಾಳ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಗಾಜಿನ ಮೇಲೆ ‘ಅತ್ತೆ’ ಎಂಬ ಹೆಸರು ಚೆನ್ನಾಗಿಯೇ ಕಾಣುತ್ತಿತ್ತು. ಕೆಂಝಾ ಬೆರಳನ್ನು ತೋಳಿಗೆ ಒರೆಸಿಕೊಂಡು ಹಸಿರು ಗುರುತಿನ ಮೇಲೆ ಎಳೆದಳು. ಫೋನು ಹೊಡೆದುಕೊಳ್ಳುತ್ತಲೇ ಇತ್ತು.

“ಎಂಜಲು ಹಚ್ಚಿ ನೋಡೇ,” ಎಂದಳು ನಜಾತ್.

“ಹಚ್ಚಿದ್ದಾಯ್ತು.”

“ಮೂಗಲ್ಲಿ ಒತ್ತು.”

“ಅದೂ ಆಯ್ತು. ಬಿಸ್ಮಿಲ್ಲಾ ಅಂದ್ಕೊಂಡೇ ಮುಟ್ದೆ. ಜಪ್ಪಯ್ಯ ಅಂದ್ರೂ ಕೇಳ್ತಿಲ್ಲ.”

ಫೋನು ಸುಮ್ಮನಾಯಿತು. ಮೂವರೂ ಅದನ್ನೇ ನೋಡುತ್ತ ಕುಳಿತರು. ಒಳಗೆ ಒಲೆಯ ಮೇಲೆ ಶುಕ್ರವಾರದ ಊಟದ ಕುಸ್ಕುಸ್ ರವೆ ಹಬೆಯಲ್ಲಿ ಬೇಯುತ್ತಿತ್ತು. ಕುಂಬಳಕಾಯಿಯ ವಾಸನೆ ಮನೆಯೆಲ್ಲ ತುಂಬಿತ್ತು. ತುರಿಯಾ ಎದ್ದು ಹೋಗಿ ಪಾತ್ರೆಯ ಮುಚ್ಚಳ ತೆಗೆದು, ಏನನ್ನೂ ನೋಡದೆ ಮುಚ್ಚಿ, ಹಿಂದಕ್ಕೆ ಬಂದಳು. ಅಷ್ಟರಲ್ಲಿ ಅತ್ತೆ ಮತ್ತೆ ಕರೆಯುತ್ತಿದ್ದರು.

ಆದದ್ದು ಇಷ್ಟು. ನಿನ್ನೆ ಸಂಜೆ ನಜಾತಳ ಸಲೂನಿನಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಂಡು ಕುಳಿತಿದ್ದ ಹೆಂಗಸರ ಫೋನುಗಳಲ್ಲೆಲ್ಲ ಅಪ್‌ಡೇಟ್ ಬಂದಿದೆ ಎಂಬ ಕೆಂಪು ಚುಕ್ಕಿ ಕಾಣಿಸಿಕೊಂಡಿತ್ತು. ಒತ್ತಿದರೆ ಸಂದೇಶಕ್ಕೆ ಹಾಕುವ ಹೊಸ ಹೊಸ ಪುಟ್ಟ ಚಿತ್ರಗಳು ಬರುತ್ತವಂತೆ, ಗೋರಂಟಿ ಹಚ್ಚಿದ ಕೈಯೂ ಇದೆಯಂತೆ ಎಂದು ನಜಾತಳೇ ಹೇಳಿದ್ದು. ಸಲೂನಿನ ವೈಫೈಗೆ ದುಡ್ಡಿಲ್ಲವಲ್ಲ, ಎಲ್ಲರೂ ಒತ್ತಿದರು. ಬೆಳಿಗ್ಗೆ ಎದ್ದು ನೋಡಿದರೆ ಕೆಲವರ ಫೋನುಗಳಿಗೆ ಸ್ಪರ್ಶವೇ ಇಲ್ಲ. ಬೆಳಕಿದೆ, ಸದ್ದಿದೆ, ಬೆರಳಿಗೆ ಮಾತ್ರ ಉತ್ತರವಿಲ್ಲ. ಆ ಕೆಲವರೆಲ್ಲ ತುರಿಯಾಳ ಕೈಯಲ್ಲಿ ಹೊಸ ಗಾಜು ಹಾಕಿಸಿಕೊಂಡವರು.

“ಗಾಜು ತನ್ನ ಕಂಪನಿದಲ್ಲ ಅಂತ ಫೋನಿಗೆ ಗೊತ್ತಾಗ್ಬಿಟ್ಟಿದೆ,” ಎಂದಳು ತುರಿಯಾ.

“ಇಷ್ಟು ದಿನ ಗೊತ್ತಿರ್ಲಿಲ್ವಾ?”

“ಈಗ ಹೇಳ್ಕೊಟ್ಟಿದ್ದಾರೆ.”

“ಥೇಟ್ ಅತ್ತೆ ಬುದ್ಧಿ,” ನಜಾತ್ ನಿಟ್ಟುಸಿರಿಟ್ಟಳು. “ಒಂದು ವರ್ಷ ಚೆನ್ನಾಗೇ ಇರ್ತಾರೆ. ಆಮೇಲೆ ಯಾರೋ ಬಂದು ಕಿವಿ ಊದ್ತಾರೆ, ಇವಳು ನಮ್ಮವಳಲ್ಲ ಅಂತ.”

ಕೆಂಝಾ ನಕ್ಕಳು. ತುರಿಯಾಳಿಗೆ ನಗು ಬರಲಿಲ್ಲ. ಅವಳ ಕಿವಿ ಮೆಟ್ಟಿಲ ಕಡೆಗಿತ್ತು. ಹಜ್ ಮಾಡಿದ ಹಿರಿಯರೆಂದು ಎಲ್ಲರೂ ಹಾಜ್ಜಾ ಎನ್ನುವ ಮಹಜೂಬಾ ಇನ್ನೂ ಬಂದಿರಲಿಲ್ಲ. ನಿನ್ನೆ ಹಾಜ್ಜಾ ಕೂಡ ತಲೆಗೆ ಬಣ್ಣ ಹಚ್ಚಿಸಿಕೊಂಡಿದ್ದರು.

ಇಪ್ಪತ್ತು ವರ್ಷ ತುರಿಯಾ ಇದೇ ಕಿಟಕಿಯ ಪಕ್ಕ ಕುಳಿತು ಕಫ್ತಾನ್ ನಿಲುವಂಗಿಗಳಿಗೆ ರೇಷ್ಮೆ ದಾರದ ಗುಂಡಿಗಳನ್ನು ಗಂಟು ಹಾಕಿದ್ದಳು. ಕಡಲೆಕಾಳಿನಷ್ಟು ಗುಂಡಿ, ಒಂದು ಕಫ್ತಾನಿಗೆ ನೂರಾರು. ಕಫ್ತಾನಿನ ಅಂಗಡಿಯವನು ಅವಳನ್ನು ಎಂದೂ ಹೆಸರು ಹಿಡಿದು ಕರೆದವನಲ್ಲ. ಗುಂಡಿಯವಳು ಬಂದಳು, ಗುಂಡಿಯವಳಿಗೆ ಕೊಡು ಎನ್ನುತ್ತಿದ್ದ. ಆಮೇಲೆ ಯಂತ್ರದ ಗುಂಡಿಗಳು ಹಡಗಿನಲ್ಲಿ ಬಂದು ಕಾಸಾಬ್ಲಾಂಕಾದ ಪೇಟೆಯೆಲ್ಲ ತುಂಬಿಕೊಂಡವು. ಸುಮ್ಮನೆ ಕುಳಿತ ಅವಳ ಬೆರಳುಗಳನ್ನು ನೋಡಿ, ಫೋನ್ ಸಂತೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಗಂಡ ಬುಶೈಬ್ ಒಂದು ಒಡೆದ ಫೋನು ತಂದು ಮುಂದಿಟ್ಟ. ನನ್ನ ಕಣ್ಣಿಗೆ ಈ ತಿರುಪು ಕಾಣಲ್ಲ, ನಿನಗೆ ಕಾಣುತ್ತಾ ನೋಡು ಎಂದ. ಕಂಡಿತು.

ಆದರೆ ಕಂಡರೆ ಸಾಕೇ? ಮೊದಲು ಯಾರೂ ಬರಲಿಲ್ಲ. ಬಂದದ್ದು ಹಾಜ್ಜಾ ಮಹಜೂಬಾ ಒಮ್ಮೆ ಮಾಳಿಗೆಯಿಂದ ಫೋನು ಬೀಳಿಸಿದ ಮೇಲೆ. ಹಾಜ್ಜಾ ಮದುವೆಗೆ ಗಂಡು ಹೆಣ್ಣು ಕೂಡಿಸುವವರು. ಅವರ ಫೋನಿನಲ್ಲಿ ಸುತ್ತಲಿನ ಬೀದಿಗಳ ಮದುವೆಯಾಗಬೇಕಾದ ಹುಡುಗಿಯರೆಲ್ಲ ತಲೆವಸ್ತ್ರವಿಲ್ಲದೆ, ಕೂದಲು ಬಿಟ್ಟುಕೊಂಡು ನಗುತ್ತಿದ್ದರು. ತಾಯಂದಿರು ನಂಬಿ ಕಳಿಸಿದ ಚಿತ್ರಗಳು. ಅದನ್ನು ಸಂತೆಯ ಗಂಡಸರ ಕೈಗೆ ಕೊಡುವುದು ಹೇಗೆ? ತುರಿಯಾ ಗಾಜು ಹಾಕಿಕೊಟ್ಟಳು. ಮುಂದಿನ ವಾರ ಹೆಂಗಸರೆಲ್ಲ ಸೇರುವ ಸ್ನಾನದ ಮನೆ ಹಮ್ಮಾಮಿನಲ್ಲಿ ಬೆನ್ನು ಉಜ್ಜಿಸಿಕೊಳ್ಳುತ್ತ ಹಾಜ್ಜಾ ಅವಳನ್ನು ಹೊಗಳಿ ಒಂದು ಮಾತು ಆಡಿದರು. ಅಷ್ಟೇ. ಈಗ ಬೀದಿಯ ಮಕ್ಕಳು ದಾರಿ ಕೇಳಿದವರಿಗೆ ‘ತುರಿಯಾಳ ಮನೆಯ ಪಕ್ಕ’ ಎನ್ನುತ್ತಿದ್ದರು. ಮೊದಲ ಸಲ ಅದು ಕಿವಿಗೆ ಬಿದ್ದಾಗ ಅವಳು ಬ್ರೆಡ್ಡಿನ ಹಿಟ್ಟು ಹೊತ್ತು ಬೀದಿಯವರಿಗೆಲ್ಲ ಬ್ರೆಡ್ ಸುಟ್ಟುಕೊಡುವ ಒಲೆಗೆ ಹೋಗುತ್ತಿದ್ದಳು. ಇನ್ನೊಮ್ಮೆ ಕೇಳಲಿ ಎಂದು ಹೆಜ್ಜೆ ನಿಧಾನ ಮಾಡಿದ್ದಳು.

ಹಾಜ್ಜಾರ ಒಂದು ಮಾತಿನಿಂದ ಬಂದದ್ದು ಇನ್ನೊಂದು ಮಾತಿನಿಂದ ಹೋಗುತ್ತದೆ.

ತುರಿಯಾಳ ಸ್ವಂತ ಫೋನು, ಗುಂಡಿ ಒತ್ತುವ ಹಳೆಯದು, ಹೊಡೆದುಕೊಂಡಿತು. ಬುಶೈಬ್.

“ಸಂತೇಲಿ ಎಲ್ರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ,” ಎಂದ. “ನೀನು ಬಾಗ್ಲು ತೆಗೀಬೇಡ ಅಂತ ಹೇಳೋಣ ಅಂತ ಮಾಡ್ದೆ.”

“ಬಂದು ಚಹಾ ಕುಡಿದಾಯ್ತು.”

“ಎಷ್ಟು ಜನ?”

“ಸದ್ಯಕ್ಕೆ ಇಬ್ರು. ಏನಾದ್ರೂ ದಾರಿ ಇದ್ರೆ ಹೇಳಿ.”

ಹಳೆಯ ಒಡೆದ ಗಾಜು ಇಟ್ಟುಕೊಂಡಿದ್ದರೆ ಅದನ್ನೇ ಹಾಕಿ ನೋಡು, ಅದು ಕಂಪನಿಯದೇ ಅಲ್ಲವೇ ಎಂದ ಬುಶೈಬ್. ಇಲ್ಲದವರು ಕಾಯಬೇಕು; ಗಲಾಟೆ ಜೋರಾಗಿದೆ, ಕಂಪನಿಯವರು ತಿದ್ದಿದ ಅಪ್‌ಡೇಟ್ ಕಳಿಸುತ್ತಾರಂತೆ, ಯಾವಾಗ ಅಂತ ದೇವರಿಗೇ ಗೊತ್ತು. ಬಂದ ಮೇಲೆ ಕಂಪ್ಯೂಟರಿಗೆ ಜೋಡಿಸಿ ಹಾಕಬೇಕು. ಅವಸರದವರಿಗೆ ಸಂತೆಯಲ್ಲಿ ಯಂತ್ರದಿಂದ ಬೆಸೆಯುವ ದುಬಾರಿ ಗಾಜು ಇದೆ, ಅದನ್ನು ಫೋನು ಒಪ್ಪುತ್ತೆ, ಇವತ್ತೇ ಆಗುತ್ತೆ.

“ಯಾರು ಹಾಕೋದು?”

“ಇಲ್ಲಿನ ಹುಡುಗ್ರು. ಇನ್ಯಾರು?”

ತುರಿಯಾ ಫೋನು ಇಟ್ಟಳು.

ಹಳೆಯ ಗಾಜನ್ನು ಕಾಗದದಲ್ಲಿ ಸುತ್ತಿ ಹಿಂದಕ್ಕೆ ಕೊಡುವುದು ಅವಳ ಪದ್ಧತಿ. ಕೆಂಝಾ ಓಡಿಹೋಗಿ ತನ್ನದನ್ನು ತಂದಳು. ನಜಾತ್ ಕೂತಲ್ಲಿಂದ ಏಳಲಿಲ್ಲ. “ನಂದು ಸಲೂನಲ್ಲಿ ಮೇಜಿನ ಕಾಲಡಿ ಇದೆ. ತೆಗೆದ್ರೆ ಕನ್ನಡಿ ವಾಲುತ್ತೆ. ಸಂಜೆ ತರ್ತೀನಿ.”

ತುರಿಯಾ ಬಿಸಿ ಬಟ್ಟೆಯನ್ನು ಫೋನಿನ ಅಂಚಿಗೆ ಒತ್ತಿ ಅಂಟು ಸಡಿಲಿಸಿದಳು, ಬಿಚ್ಚಿದ ತಿರುಪುಗಳನ್ನು ಬಿಳಿ ತಟ್ಟೆಯಲ್ಲಿ ಸಾಲಾಗಿ ಇಟ್ಟಳು. ತನ್ನದೇ ಕೈಯಿಂದ ಕೂರಿಸಿದ್ದ ಮಿರಮಿರ ಮಿಂಚುವ ಗಾಜನ್ನು ಎತ್ತಿ, ಜೇಡರಬಲೆಯಂತೆ ಸೀಳು ಬಿಟ್ಟ ಹಳೆಯದನ್ನು ಕೂರಿಸಿದಳು. ಬೆಳಕು ಬಂತು. ಕೆಂಝಾ ಮುಟ್ಟಿದಳು. ಫೋನು ತೆರೆದುಕೊಂಡಿತು. ಅದನ್ನೇ ಕಾಯುತ್ತಿದ್ದ ಹಾಗೆ ಅತ್ತೆ ಕರೆದರು.

“ಹ್ಞೂಂ ಅತ್ತೆ... ಇಲ್ಲ ಅತ್ತೆ... ಕುಂಬಳಕಾಯಿ ತಗೊಂಡಿದ್ದೀನಿ... ಇಲ್ಲ, ಬೇಕಂತ ಯಾಕೆ ಎತ್ತದೇ ಇರ್ಲಿ?”

ಮಾತು ಮುಗಿಸಿ ಅವಳು ಸೀಳುಗಾಜನ್ನು ಸ್ವಲ್ಪ ಹೊತ್ತು ನೋಡಿದಳು. “ಇನ್ನೊಂದು ಗಂಟೆ ಬಿಟ್ಟು ಸರಿ ಮಾಡಿದ್ರೂ ಆಗ್ತಿತ್ತು ಅಕ್ಕ,” ಎಂದಳು.

ಆಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ನಿಧಾನವಾಗಿ, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಂಡು ಹಾಜ್ಜಾ ಮಹಜೂಬಾ ಮೇಲೆ ಬಂದರು. ತಲೆವಸ್ತ್ರದ ಅಂಚಿನಲ್ಲಿ ಹೊಸ ಬಣ್ಣದ ಕೆಂಪು ಇಣುಕುತ್ತಿತ್ತು. ಯಾರ ಸಲಾಮಿಗೂ ಪೂರ್ತಿ ಉತ್ತರ ಕೊಡದೆ ಕೂತು, ಫೋನನ್ನು ತುರಿಯಾಳ ಮುಂದೆ ಇಟ್ಟರು.

“ಸತ್ತಿದೆಯೋ ಬದುಕಿದೆಯೋ ಹೇಳು.”

ಹಾಜ್ಜಾರ ಹಳೆಯ ಗಾಜು ಹಾಕುವ ಸ್ಥಿತಿಯಲ್ಲಿ ಇರಲೇ ಇಲ್ಲ; ಮಾಳಿಗೆಯಿಂದ ಬಿದ್ದು ಪುಡಿಯಾಗಿತ್ತು. ತುರಿಯಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಾಯಬೇಕು, ಇಲ್ಲವೇ ಇವತ್ತೇ ಸಂತೆಗೆ ಕಳಿಸಬೇಕು.

“ನೀನು ಹಾಕ್ದಾಗ ಏನಂದಿದ್ದೆ ನಂಗೆ?” ಹಾಜ್ಜಾ ಕೇಳಿದರು. “ಅಸಲಿ ಅಂದಿದ್ಯಾ?”

“ಅಸಲಿ ಥರಾನೇ ಅಂದಿದ್ದೆ.”

“ಅಸಲಿನಾ?”

ನಜಾತ್ ಚಹಾದ ಲೋಟವನ್ನು ತುಟಿಯ ಹತ್ತಿರ ಹಿಡಿದು ನಿಲ್ಲಿಸಿದಳು. ಅಪ್‌ಡೇಟಿನ ಮೇಲೆ ತಪ್ಪು ಹಾಕುವುದು ಸುಲಭವಿತ್ತು, ಅದು ಸುಳ್ಳೂ ಅಲ್ಲ. ಯಂತ್ರದ ಗುಂಡಿಗಳನ್ನು ಕೈಯದು ಎಂದು ಮಾರುತ್ತಿದ್ದ ಅಂಗಡಿಯವನ ಮುಖ ತುರಿಯಾಳ ಕಣ್ಣ ಮುಂದೆ ಬಂತು. ಅವನೂ ‘ಕೈಯದರ ಥರಾನೇ’ ಎಂದೇ ಹೇಳುತ್ತಿದ್ದ.

“ಅಲ್ಲ ಹಾಜ್ಜಾ. ನಕಲು. ಅಸಲಿ ಸಿಗೋದಿಲ್ಲ, ಸಿಕ್ಕಿದ್ರೂ ನಮ್ಮ ಕೈಗೆ ಬರಲ್ಲ. ಸಿಗೋದ್ರಲ್ಲಿ ಒಳ್ಳೇದು ಹಾಕ್ದೆ.”

ಹಾಜ್ಜಾ ನಜಾತಳ ಕಡೆ ತಿರುಗಿದರು.

“ನಿನ್ನ ಗಂಡನ್ನ ನಿಮ್ಮಮ್ಮನಿಗೆ ಹೇಳ್ವಾಗ ನಾನು ಏನಂತ ಹೇಳಿದ್ದೆ?”

“ಇಂಜಿನಿಯರ್ ಥರ ಅಂದಿದ್ರಿ.”

“ಏನಾಗಿದ್ದ?”

“ನಲ್ಲಿ ರಿಪೇರಿ.”

“ಈಗ ನಲ್ಲಿ ಸೋರುತ್ತಾ ಮನೇಲಿ?”

“ಒಂದು ಹನೀನೂ ಇಲ್ಲ ಹಾಜ್ಜಾ. ಅದನ್ನ ಮಾತ್ರ ಒಪ್ಕೋಬೇಕು.”

“ಡಾಕ್ಟರ್ ಥರ ಅಂತ ಎಷ್ಟು ಕಾಂಪೌಂಡರ್‌ಗಳಿಗೆ ಹೆಣ್ಣು ಕೊಡ್ಸಿದ್ದೀನೋ,” ಹಾಜ್ಜಾ ತುರಿಯಾಳಿಗೆ ಹೇಳಿದರು. “ಥರ ಅಂದ್ರೆ ಏನು ಅಂತ ನಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ನೀನು ಏನು ಹೇಳ್ತೀಯೋ ನೋಡೋಣ ಅಂತ ಕೇಳ್ದೆ.”

ಕೆಂಝಾಳಿಗೆ ನಗು ತಡೆಯಲಾಗದೆ ಚಹಾ ನೆತ್ತಿಗೇರಿತು. ನಜಾತ್ ಅವಳ ಬೆನ್ನಿಗೆ ಗುದ್ದಿದಳು.

ಆದರೂ ಮುಖ್ಯ ವಿಷಯ ಹಾಗೆಯೇ ಉಳಿದಿತ್ತು. ಸತ್ತಾತ್ ಎಂಬ ಊರಿನಿಂದ ಒಂದು ಗಂಡಿನ ಕಡೆಯವರು ಇವತ್ತು ಸಂಜೆಯೊಳಗೆ ಉತ್ತರ ಕೇಳಿದ್ದರು. ಸಂತೆಗೆ ಹೋದರೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಫೋನು ಸರಿಹೋಗುತ್ತದೆ. ಇಲ್ಲಿದ್ದರೆ ನಾಳೆಯೋ ವಾರಕ್ಕೋ. ಅಷ್ಟು ದಿನ ಫೋನನ್ನು ಬಿಟ್ಟುಹೋಗಬೇಕು. ಈ ಮನೆಯಲ್ಲಿ ಈವರೆಗೆ ಯಾರೂ ಫೋನು ಬಿಟ್ಟುಹೋದವರಿಲ್ಲ. ಎಲ್ಲರೂ ಎದುರಿಗೇ ಕೂತು, ಕೊನೆಯ ತಿರುಪು ಬಿಗಿಯುವವರೆಗೆ ಅವಳ ಕೈಯನ್ನೇ ನೋಡುತ್ತ, ಎತ್ತಿಕೊಂಡು ಹೋಗುವವರು.

“ಸಂತೆ ಹುಡುಗ್ರು ಕೆಟ್ಟವ್ರಲ್ಲ,” ತುರಿಯಾ ಹೇಳಿದಳು. ಹೇಳಬೇಕಾದದ್ದು ಎಂದುಕೊಂಡು ಹೇಳಿದಳು. “ನಮ್ಮನೆಯವ್ರೇ ಪಕ್ಕದಲ್ಲಿ ನಿಂತಿರ್ತಾರೆ. ನಿಮ್ಗೆ ಇವತ್ತೇ ಬೇಕಂದ್ರೆ ಅದೇ ಸರಿ.”

“ಫೋನ್ ಇಲ್ದಿದ್ದಾಗ ಈ ಊರಲ್ಲಿ ಮದುವೆನೇ ಆಗಿಲ್ವೇನೇ?” ಎಂದರು ಹಾಜ್ಜಾ. “ಹುಡುಗಿ ಮನೆ ಎರಡು ಬೀದಿ ಆಚೆ. ಹೋಗಿ ಬಾಗ್ಲು ಬಡೀತೀನಿ. ಅವಳಮ್ಮನ ಮುಖ ನೋಡಿದ್ರೆ ಫೋನಲ್ಲಿ ಹೇಳೋದಕ್ಕಿಂತ ಹೆಚ್ಚೇ ಗೊತ್ತಾಗುತ್ತೆ. ಸತ್ತಾತಿನವ್ರಿಗೆ ಆ ಮನೆಯಿಂದ್ಲೇ ಮಾತಾಡಿದ್ರಾಯ್ತು.” ಫೋನನ್ನು ಒಂದು ಬೆರಳಿನಿಂದ ತುರಿಯಾಳ ಕಡೆ ತಳ್ಳಿದರು. “ಇದು ನಿನ್ನ ಹತ್ರಾನೇ ಇರ್ಲಿ. ಕಂಪ್ಯೂಟರ್ ಏನಾದ್ರೂ ಕೇಳುತ್ತಾ?”

“ಬೀಗದ ಸಂಖ್ಯೆ ಕೇಳುತ್ತೆ. ಆಗ ನಿಮ್ಮನ್ನೇ ಕರೀತೀನಿ, ನೀವೇ ಬಂದು ಒತ್ತಿ.”

“ಈ ಮೆಟ್ಟಿಲು ಇನ್ನೊಂದ್ಸಲ ಯಾರು ಹತ್ತೋರು?”

ಹಾಜ್ಜಾ ಮುಂದಕ್ಕೆ ಬಾಗಿ, ತುರಿಯಾಳ ತಲೆವಸ್ತ್ರ ಸರಿಸಿ ಕಿವಿಯಲ್ಲಿ ನಾಲ್ಕು ಅಂಕಿ ಹೇಳಿದರು. ಆಮೇಲೆ ಸ್ವಲ್ಪ ತಡೆದು, ಇನ್ನೂ ತಗ್ಗಿದ ದನಿಯಲ್ಲಿ, “ನನ್ನ ಎರಡನೇ ಗಂಡ ತೀರಿಹೋದ ವರ್ಷ ಅದು. ಯಾರಿಗೂ ಹೇಳ್ಬೇಡ. ಒಳ್ಳೇ ವರ್ಷ,” ಎಂದರು.

ಹಾಜ್ಜಾ ಊಟಕ್ಕೆ ನಿಲ್ಲಲಿಲ್ಲ. ಕೆಂಝಾ, ನಜಾತ್ ಇಬ್ಬರೂ ತಂತಮ್ಮ ಒಲೆಗಳ ನೆನಪಾಗಿ ಹೊರಟರು. ತುರಿಯಾ ಕಿಟಕಿಯಿಂದ ನೋಡಿದಳು. ಬೀದಿಯಲ್ಲಿ ಹಾಜ್ಜಾ ಒಬ್ಬರೇ ಹೋಗುತ್ತಿದ್ದರು. ಸದಾ ಫೋನು ಹಿಡಿದಿರುತ್ತಿದ್ದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಒಮ್ಮೆ ಸೊಂಟಕ್ಕೆ ಇಟ್ಟರು, ಒಮ್ಮೆ ಬೀಸಿದರು, ಕೊನೆಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಶಾಲೆಯಿಂದ ಮನೆಗೆ ಹೊರಟ ಹುಡುಗಿಯಂತೆ ತಿರುವಿನಲ್ಲಿ ಮರೆಯಾದರು.

ಅವಳು ಕುಸ್ಕುಸ್ ಇಳಿಸಿ ಅಗಲವಾದ ತಟ್ಟೆಗೆ ಸುರಿದಳು, ಬೆಣ್ಣೆ ಹಾಕಿ ಕೈಯಿಂದ ಉದುರುದುರಾಗಿ ಬಿಡಿಸಿದಳು. ಬೆರಳುಗಳು ಸುಡುತ್ತಿದ್ದವು. ಅಷ್ಟರಲ್ಲಿ ಮೇಜಿನ ಮೇಲೆ ಹಾಜ್ಜಾರ ಫೋನು ಹೊಳೆಯಿತು. ಯಾರೋ ಒಬ್ಬ ತಾಯಿಯ ಹೆಸರು ಮೂಡುತ್ತಿತ್ತು. ಮೊದಲ ಅಕ್ಷರ ಕಾಣುವಷ್ಟರಲ್ಲಿ ತುರಿಯಾ ಕಣ್ಣು ಬೇರೆಡೆ ತಿರುಗಿಸಿದಳು. ಬ್ರೆಡ್ಡಿನ ಹಿಟ್ಟಿಗೆ ಹೊದಿಸುವ ಬಿಳಿ ಬಟ್ಟೆ ಮೊಳೆಗೆ ನೇತುಬಿದ್ದಿತ್ತು. ಅದನ್ನು ತಂದು, ನಾಲ್ಕು ಅಂಚೂ ಮುಚ್ಚುವ ಹಾಗೆ ಫೋನಿನ ಮೇಲೆ ಹೊದಿಸಿದಳು. ನೇಯ್ಗೆಯ ಸಂದಿಯಿಂದ ಬೆಳಕು ಸ್ವಲ್ಪ ಹೊತ್ತು ಸಣ್ಣಗೆ ಮಿಡಿಯಿತು, ಆಮೇಲೆ ನಿಂತಿತು.