ಎರಡು ಚಪ್ಪಾಳೆ

ನಮ್ಮ ಹಾಡಿನ ವೃತ್ತದಲ್ಲಿ ಎರಡು ಚಪ್ಪಾಳೆ ತಟ್ಟಿದರೆ ಯಾರೂ ಹಿಗ್ಗುವುದಿಲ್ಲ. ಅದರ ಅರ್ಥ: 'ತೋರಿಸು.' ಹಾಡಿದ್ದನ್ನು ತೋರಿಸಲಾಗದವರು ವೃತ್ತ ಬಿಟ್ಟು, ತೋರಿಸುವವರೆಗೂ ಗೋಡೆಗೊರಗಿ ನಿಲ್ಲಬೇಕು.

ಸೌತ್ ಬ್ರಾಂಕ್ಸ್ ಬಡಾವಣೆಯ ಈ ಸಮುದಾಯ ಭವನದ ನೆಲಮಾಳಿಗೆಗೆ ಈ ಕಾನೂನು ತಂದವನು ಕಾರ್ಡೆಲ್. ವಾರವೆಲ್ಲ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಶನಿವಾರ ಬೀದಿಯ ಮಕ್ಕಳಿಗೆ ರ‍್ಯಾಪ್ ಕಲಿಸುವ ಅಣ್ಣ. ಯಾರಾದರೂ ಚಿನ್ನದ ಸರ, ಉದ್ದನೆಯ ಕಾರು ಎಂದು ಶುರುಮಾಡಿದರೆ ಎರಡು ಚಪ್ಪಾಳೆ ಬೀಳುತ್ತಿತ್ತು. "ಎಲ್ಲಪ್ಪಾ ಕಾರು? ಬಸ್ಸಿಂದ ಇಳಿದದ್ದನ್ನ ನಾವೇ ನೋಡಿದ್ವಲ್ಲ!" ಹೃದಯ ಹೇಗೆ ಬಡಿಯುತ್ತದೆ, ನಮ್ಮ ಮುತ್ತಜ್ಜಂದಿರನ್ನು ಯಾವ ಹಡಗು ತಂದಿತು, ಓಟಿನ ಹಕ್ಕಿಗೆ ಯಾರು ಪೆಟ್ಟು ತಿಂದರು, ಏನನ್ನಾದರೂ ಹಾಡಬಹುದು. ಹಾಡುವವರಿಗೆ ಅದು ಗೊತ್ತಿರಬೇಕು, ಅಷ್ಟೆ.

ನಾನು ರೆಕಾರ್ಡಿನ ತಟ್ಟೆ ತಿರುಗಿಸಿ ತಾಳ ಕೊಡುವವನು. ನನ್ನ ಎರಡು ಸ್ಪೀಕರುಗಳು ಆಳೆತ್ತರ. ಹಿಂದಿನ ಬೀದಿಯ ಗೋದಾಮಿನ ಕಂಪನಿಯವರು ಕೊಟ್ಟದ್ದು. ಅವರ ಹೆಸರಿನ ಚೀಟಿ ಅವುಗಳ ಹಣೆಯ ಮೇಲೇ ಇತ್ತು.

ಬೀದಿ ಹಬ್ಬಕ್ಕೆ ಹಾಡುವವರನ್ನು ಆರಿಸುವ ದಿನ ಝಕೀಯಾ ಮೊದಲ ಸಲ ವೃತ್ತದೊಳಗೆ ಕಾಲಿಟ್ಟಳು. ಹದಿನಾಲ್ಕರ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದವಳು. ಅವಳ ತಮ್ಮ ಅಮಾರಿ ಎಂದಿನಂತೆ ಅಸ್ತಮಾದ ಪಂಪು ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದ.

"ನಮ್ಮ ಬೀದಿಯ ಗಾಳಿಗೆ ಹಲ್ಲುಂಟು, ಉಗುರುಂಟು,
ತಮ್ಮನ ಎದೆಯೊಳಗೆ ಅದು ಹಾಕಿದ ಗಂಟುಂಟು..."

ನನ್ನ ಕೈಗೆ ತಾಳ ತಪ್ಪುವುದರಲ್ಲಿತ್ತು. ಎಂಥ ದನಿ! ಅಷ್ಟರಲ್ಲಿ ಎರಡು ಚಪ್ಪಾಳೆ. ಓಸ್ವಾಲ್ಡೋ. ಅವಳ ಕಟ್ಟಡದವನೇ, ಬಾಯಿಬಡುಕ.

"ಲೇ, ಬೀದಿಗೆಲ್ಲ ಗೊತ್ತಿರೋದು ಕಣೋ ಅದು!" ಝಕೀಯಾ ಸಿಡಿದಳು.

"ಹಂಗಾದ್ರೆ ತೋರ್ಸೋದು ಸುಲಭ ಅಲ್ವೇನಮ್ಮಾ?"

ಎಲ್ಲರೂ ಕಾರ್ಡೆಲ್‌ನತ್ತ ನೋಡಿದರು. ಅವನು ಗೋಡೆಯತ್ತ ನೋಡಿದ. ಗೋಡೆಗೆ ನಿಂತವರಿಗೆ ಹಬ್ಬದಲ್ಲಿ ಜಾಗವಿಲ್ಲ. ಝಕೀಯಾ ನಡೆದುಹೋಗಿ ಗೋಡೆಗೊರಗಿದಳು, ಕಣ್ಣಲ್ಲಿ ಬೆಂಕಿ. ಆದರೆ ಎಲ್ಲರೂ ಹೊರಡುವಾಗ ಕೇಳಿದಳು: "ಅಣ್ಣಾ, ಗಾಳೀನ ಹೆಂಗೆ ತೋರಿಸ್ತಾರೆ?"

ಬಿಳಿ ರಟ್ಟಿನ ಚೂರಿಗೆ ವ್ಯಾಸಲೀನ್ ಸವರಿ ಕಿಟಕಿಯ ಹೊರಗೆ ಕಟ್ಟು, ಗಾಳಿಯಲ್ಲಿ ಇದ್ದದ್ದು ಅದಕ್ಕೆ ಅಂಟುತ್ತದೆ ಎಂದ ಕಾರ್ಡೆಲ್. ಮರುವಾರ ಅವಳು ತಂದ ರಟ್ಟು ಹಳದಿಯಾಗಿತ್ತು. ಓಸ್ವಾಲ್ಡೋ ಮೂಸಿ ನೋಡಿದ.

"ಇದು ನಿಮ್ಮಜ್ಜಿ ಕರಿದ ಕೋಳಿ ಕಣೇ! ಅಡುಗೆಮನೆ ಕಿಟಕಿಗೆ ಕಟ್ಟಿದ್ಯಾ?"

ಝಕೀಯಾಳೂ ನಕ್ಕುಬಿಟ್ಟಳು. ಆಮೇಲೆ ನಗು ನಿಲ್ಲಿಸಿ ಯೋಚಿಸಿದಳು. ಕೋಳಿ ಅಂಟಿದೆ ಎಂದರೆ ರಟ್ಟು ಸುಳ್ಳು ಹೇಳುವುದಿಲ್ಲ. ಹಾಗಾದರೆ ಎಲ್ಲೆಲ್ಲಿ ಕಟ್ಟಿದರೆ ಏನೇನು ಹೇಳೀತು? ಅವಳ ಜೊತೆ ಇಡೀ ವೃತ್ತಕ್ಕೇ ಈ ಹುಚ್ಚು ಹಿಡಿಯಿತು. ಅವಳ ಮನೆಯ ಹೊರಗಿನ ಕಬ್ಬಿಣದ ಮೆಟ್ಟಿಲಿಗೆ, ಪಾರ್ಕಿನ ಬೇಲಿಗೆ, ಚರ್ಚಿನ ಬಾಗಿಲಿಗೆ, ಶಾಲೆಗೆ. ಉಳಿದ ಒಂದು ಚೂರನ್ನು ಸುಮ್ಮನೆ ನಮ್ಮ ಭವನದ ಹಿಂಬದಿ ಕಿಟಕಿಗೂ ಸಿಕ್ಕಿಸಿದರು.

ಒಂದು ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಬಿಚ್ಚಿ ತಂದು ನೆಲದ ಮೇಲೆ ಹರಡಿದರು. ಪಾರ್ಕಿನದು ಬಿಳಿ. ಚರ್ಚಿನದು, ಶಾಲೆಯದು ಮಾಸಲು. ಝಕೀಯಾಳ ಮನೆಯದು ಬೂದು. ಭವನದ್ದು ಬೂಟ್ ಪಾಲಿಶ್ ಬಳಿದಂತೆ ಕಪ್ಪು.

"ಯಾರೋ ತಮಾಷೆ ಮಾಡಿದ್ದಾರೆ," ಎಂದಳು ಅವಳು. ಯಾರೂ ಮಾಡಿರಲಿಲ್ಲ. ಆಗ ಅವಳ ಕಣ್ಣು ಅಮಾರಿ ಪ್ರತಿ ಶನಿವಾರ ಕೂರುವ ಬೆಂಚಿನ ಮೇಲೆ ಬಿತ್ತು. ಬೆಂಚು ಅದೇ ಕಿಟಕಿಯ ಕೆಳಗಿತ್ತು. "ಶನಿವಾರ ಸಂಜೆನೇ ಅವನಿಗೆ ಉಬ್ಬಸ ಜಾಸ್ತಿ. ನಾನು... ಹಾಡು ಕೇಳ್ತಾ ಕುಣಿದಿದ್ದಕ್ಕೆ ಅಂದ್ಕೊಂಡಿದ್ದೆ."

ಕಿಟಕಿಯಾಚೆ ಗೋದಾಮಿನ ಅಂಗಳ. ಭಾನುವಾರವಾದ್ದರಿಂದ ಖಾಲಿ; ಲಾರಿಗಳು ಬಿಟ್ಟುಹೋದ ಎಣ್ಣೆಯ ಕಲೆಗಳು ಮಾತ್ರ.

"ನಿಂತಿರೋ ಲಾರಿ ಇಷ್ಟೊಂದು ಹೊಗೆ ಬಿಡುತ್ತಾ?" ಓಸ್ವಾಲ್ಡೋ ಕೇಳಿದ.

"ಎಂಜಿನ್ ಆರಿಸದಿದ್ರೆ," ಎಂದ ಕಾರ್ಡೆಲ್. ಆಮೇಲೆ ನನ್ನ ಸ್ಪೀಕರುಗಳ ಹಣೆಯ ಚೀಟಿಯನ್ನು ನೋಡಿದ. ನಾನೂ ನೋಡಿದೆ. ನಮ್ಮ ಉಸಿರು ಕಟ್ಟಿಸುವವರೇ ನಮಗೆ ಹಾಡಲು ಸ್ಪೀಕರು ಕೊಟ್ಟಿದ್ದರೇ? ಕೊಟ್ಟ ಕೈಗೆ ಮುತ್ತಿಡಲು ನಮಗೆ ಎಷ್ಟು ಬೇಗ ಕಲಿಸಿಬಿಡುತ್ತಾರೆ!

ಮುಂದಿನ ಶನಿವಾರ ಹಬ್ಬದ ತಾಲೀಮು. ಕಂಪನಿಯಿಂದ ಒಬ್ಬ ಬಂದು, ಇಸ್ತ್ರಿಯ ಅಂಗಿ ಮುದುಡದ ಹಾಗೆ ಮುಂದೆ ಕೂತ. ನಾನು ತಾಳ ಹಾಕಿದೆ. ಝಕೀಯಾ ರಟ್ಟುಗಳನ್ನು ಎತ್ತಿ ತೋರಿಸಿ ಗೋಡೆ ಬಿಟ್ಟು ವೃತ್ತಕ್ಕೆ ಬಂದಳು.

"ಕಿಟಕಿಗೆ ರಟ್ಟು ಕಟ್ಟಿ ಕೇಳಿದೆ, ಕಪ್ಪೇ, ನೀನೆಲ್ಲಿಂದ?
ಹಿತ್ತಿಲ ಲಾರಿ ಸಾಲಿಂದ, ನಿನ್ನ ಹಾಡಿನ ಮನೆ ಹಿಂದಿಂದ..."

ಆತ ನಗುನಗುತ್ತಲೇ ಕೈಯೆತ್ತಿದ. ನಾನು ಸದ್ದು ತಗ್ಗಿಸಿದೆ.

"ಬಹಳ ಚೆನ್ನಾಗಿದೆ ಮಗಳೇ. ತಮ್ಮನ ಭಾಗ ಅಂತೂ ಕಣ್ಣಲ್ಲಿ ನೀರು ತರಿಸ್ತು. ಲಾರಿ ಸಾಲು ಬಿಟ್ಬಿಡು. ನಮ್ಮ ಅಂಗಳದಲ್ಲಿ ಎಂಜಿನ್ ಆರಿಸೋದು ಕಂಪನಿ ನಿಯಮ. ಸುಳ್ಳು ಹಾಡೋಕೆ ನಾವು ಸ್ಪೀಕರು ಕೊಟ್ಟಿಲ್ಲ, ಅಲ್ವಾ?"

ಕಾರ್ಡೆಲ್ ನೆಲ ನೋಡಿದ. ಝಕೀಯಾ ಕಪ್ಪು ರಟ್ಟನ್ನು ಇನ್ನೂ ಮೇಲೆತ್ತಿ ಹಿಡಿದಳು.

ಎರಡು ಚಪ್ಪಾಳೆ.

ಓಸ್ವಾಲ್ಡೋ. ಕಣ್ಣು ಇಸ್ತ್ರಿಯ ಅಂಗಿಯ ಮೇಲೆ.

"ಥ್ಯಾಂಕ್ಸ್ ಕಣಯ್ಯಾ," ಎಂದ ಆತ.

"ಮೆಚ್ಚುಗೆ ಅಲ್ಲ ಸಾರ್ ಅದು," ಎಂದಳು ಝಕೀಯಾ. "ತೋರ್ಸಿ ಅಂತ."

"ಏನು ತೋರಿಸ್ಬೇಕು?"

ಅವಳು ನನ್ನ ಕಡೆ ತಿರುಗಿದಳು. ಸ್ಪೀಕರುಗಳತ್ತ ಬೆರಳು ಮಾಡಿದಳು. ನಾನು ಬಗ್ಗಿ ಸ್ಪೀಕರುಗಳ ಪ್ಲಗ್ ಕಿತ್ತೆ. ಅಷ್ಟು ವರ್ಷದಲ್ಲಿ ಶನಿವಾರದ ನಡುಮಧ್ಯಾಹ್ನ ಆ ನೆಲಮಾಳಿಗೆ ಒಮ್ಮೆಯೂ ಮೌನವಾಗಿರಲಿಲ್ಲ. ನಾನೇ ಇರಗೊಟ್ಟಿರಲಿಲ್ಲ.

ಗೋಡೆಯೊಳಗಿಂದ ಬಂತು ಅದು. ಡುರ್ ಡುರ್ ಡುರ್ ಡುರ್. ಒಂದಲ್ಲ, ಸಾಲು ಸಾಲು. ಕಿಟಕಿಯ ಗಾಜು ಸಣ್ಣಗೆ ಅದುರುತ್ತಿತ್ತು. ಅಮಾರಿ ಬೆಂಚಿನಿಂದೆದ್ದು ಗಾಜಿಗೆ ಬೆರಳಿಟ್ಟು, "ಅಕ್ಕಾ, ಕಚಗುಳಿ ಇಡ್ತಿದೆ," ಎಂದ.

ಆತ ಎದ್ದು ನಿಂತ. ಸ್ಪೀಕರುಗಳನ್ನು ಒಯ್ಯಲು ಸೋಮವಾರ ಜನ ಕಳಿಸುತ್ತೇನೆ ಎಂದ. ಎಲ್ಲರೂ ಗೋಡೆಗೆ ಕಿವಿಕೊಟ್ಟಿದ್ದರು. ಝಕೀಯಾ ತಮ್ಮನನ್ನು ಕಿಟಕಿಯಿಂದ ಈಚೆಗೆ, ವೃತ್ತದ ನಡುವೆ ಎಳೆದುಕೊಂಡಳು. ಲಾರಿಗಳ ಆ ಸದ್ದಿಗೆ ತಲೆದೂಗುತ್ತ ಕಾಲಲ್ಲಿ ಲೆಕ್ಕ ಹಿಡಿದಳು. ಓಸ್ವಾಲ್ಡೋ ಎದೆ ತಟ್ಟಿ ತಾಳ ಕೂಡಿಸಿದ. ಕಾರ್ಡೆಲ್ ಕೂಡ ಕೂಡಿಸಿದ.

"ಕಿಟಕಿಗೆ ರಟ್ಟು ಕಟ್ಟಿ ಕೇಳಿದೆ..."

ಹಬ್ಬದಲ್ಲಿ ಅವಳು ಇದನ್ನೇ ಹಾಡಿದಳು, ಗೋದಾಮಿನ ಗೇಟಿನೆದುರು ನಿಂತು, ಅವರದೇ ಎಂಜಿನ್ನಿನ ತಾಳಕ್ಕೆ.